ಅಕ್ಕ ವಾಪಸ್ ಕೊಟ್ಟ ವೀಳ್ಯ

ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಕೆಲಸದಲ್ಲಿದ್ದಷ್ಟು ಕಾಲ ಬಸ್ ನಿಲ್ದಾಣದ ಗಾಜಿನ ಗೂಡಿನಿಂದ ಯಾವ ಬಸ್ಸು ಬಂತು, ಯಾವುದು ಹೊರಡಬೇಕು ಎಂದು ಮೈಕಿನಲ್ಲಿ ಕೂಗಿದವನು ನಾನು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೊನೆಗೆ ಕೋಲಾರ. ನಾಲ್ಕೂ ಕಡೆ ನನಗೊಂದು ಕುರ್ಚಿ ಇತ್ತು, ಅದರ ಮೇಲೆ ಕೂತಿದ್ದು ಮಾತ್ರ ಕಡಿಮೆ. ಹೊರಡುವ ಹೊತ್ತಿಗೆ ಡ್ರೈವರು ಟೀ ಅಂಗಡಿಯಲ್ಲಿ ನಿಂತಿದ್ದರೆ ಮೈಕು ಬಿಟ್ಟು ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ನಿವೃತ್ತಿಯಾದ ಮೇಲೂ ಆ ಚಡಪಡಿಕೆ ಹೋಗಲಿಲ್ಲ. "ಮನೇಲಿ ಕೂತ್ರೆ ಕುರ್ಚಿ ಸುಡುತ್ತಾ ನಿಮಗೆ?" ಎಂದು ಹೆಂಡತಿ ಕೇಳುತ್ತಾಳೆ. ಸುಡುತ್ತದೆ. ಅದಕ್ಕೇ ದಿನಾ ತಿಂಡಿ ಮುಗಿಸಿ ಸ್ಕೂಟರ್ ಹತ್ತಿ, ವೇಮಗಲ್ ಹತ್ತಿರದ ನಮ್ಮ ಹಳ್ಳಿಗೆ, ಅಕ್ಕನ ಮನೆಗೆ ಹೋಗುತ್ತೇನೆ.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವಳು, ಮಕ್ಕಳಿಲ್ಲ. ಅಪ್ಪ ಅವಳ ಹೆಸರಿಗೆ ಹಿಪ್ಪುನೇರಳೆ ತೋಟ ಬರೆದಿದ್ದ. ಅದರಲ್ಲೇ ಸೊಪ್ಪು ಬೆಳೆದು, ರೇಷ್ಮೆ ಹುಳು ಸಾಕಿ, ಗೂಡು ಮಾರಿ ಯಾರ ಹಂಗೂ ಇಲ್ಲದೆ ಬದುಕಿದಳು. ಕೆಲವು ವರ್ಷಗಳ ಹಿಂದೆ ಆ ತೋಟ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಪರಿಹಾರ ಬಂದಾಗ ಅಕ್ಕ, "ನಂಗೆ ಉಣ್ಣೋಕಿದೆ. ಇದು ನಾಲ್ಕು ಜನಕ್ಕೆ ಆಗ್ಲಿ" ಎಂದಳು. ಕೋಲಾರದ ಆಡಿಟರು ದಾರಿ ತೋರಿಸಿದರು. ಸ್ವಂತ ಟ್ರಸ್ಟ್ ಕಟ್ಟಿದರೆ ತಲೆನೋವು. ಬೆಂಗಳೂರಿನಲ್ಲಿ ಇದಕ್ಕೆಂದೇ ಒಂದು ನಿಧಿ ಇದೆ. ಅಲ್ಲಿ ಹಣ ಹಾಕಿ, ಆಗಾಗ ಯಾವ ಒಳ್ಳೆಯ ಕೆಲಸಕ್ಕೆ ಕೊಡಬಹುದು ಎಂದು ನೀವು ಹೇಳಿ, ಅವರು ವಿಚಾರಿಸಿ ಕೊಡುತ್ತಾರೆ ಎಂದರು. ಅಕ್ಕ ಇಡೀ ಗಂಟನ್ನು ಅಲ್ಲಿಗೆ ಹಾಕಿಬಿಟ್ಟಳು. ಸ್ವಲ್ಪ ಕೈಯಲ್ಲಿಟ್ಟುಕೋ ಎಂದು ನಾನು ಬಡಿದುಕೊಂಡದ್ದು ಗಾಳಿಗೆ ಹೋಯಿತು.

ನಿಧಿಯವರ ನಿಯಮಗಳ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ಅಕ್ಕ ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದುವವಳು. ಹಾಗಾಗಿ ಅವಳ ಜೊತೆ ಸಲಹೆಗಾರನೆಂದು ನನ್ನ ಹೆಸರೂ ಸೇರಿತು. ನಾನು ಓದಿದೆ, ಅವಳಿಗೆ ಹೇಳಿದೆ. ಹಾಕಿದ ಹಣ ಇನ್ನು ನಮ್ಮದಲ್ಲ, ವಾಪಸ್ ಬರುವುದಿಲ್ಲ. ನಾವು ಮಾಡುವುದು ಶಿಫಾರಸು ಮಾತ್ರ, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ನೋಂದಣಿಯಾದ ಸಂಸ್ಥೆಗೆ ಕೊಡಬಹುದು, ಒಬ್ಬ ವ್ಯಕ್ತಿಯ ಕೈಗೆ ಕೊಡುವಂತಿಲ್ಲ. ನಮ್ಮ ಬಂಧುಗಳಿಗೆ ಅದರಿಂದ ಲಾಭವಾಗಬಾರದು. ಕೊಟ್ಟದ್ದಕ್ಕೆ ನಾವು ಪ್ರತಿಫಲ ಪಡೆಯಬಾರದು. ಇನ್ನೊಂದು ನಿಯಮ ಕೊನೆಯ ಪುಟಗಳಲ್ಲಿತ್ತು. ನಾವು ಮೊದಲೇ ಯಾರಿಗಾದರೂ ಕೊಡುತ್ತೇನೆಂದು ಮಾತು ಕೊಟ್ಟಿದ್ದರೆ, ಆ ಮಾತನ್ನು ತೀರಿಸಲು ನಿಧಿಯ ಹಣ ಬಳಸುವಂತಿಲ್ಲ. ಇದನ್ನು ಓದಿ ಹೇಳಿದಾಗ ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. "ಮಾತು ಕೊಟ್ಟವರೇ ತೀರಿಸ್ಬೇಕು. ಸರಿಯಾಗೇ ಇದೆಯಲ್ಲ" ಎಂದು ಮುಂದಿನ ಕಟ್ಟಿಗೆ ಕೈ ಹಾಕಿದಳು.

ಶಿಫಾರಸು ಎಂದರೆ ನನಗೆ ಗೊತ್ತಿದ್ದದ್ದು ಬೇರೆ. ನಮ್ಮ ಇಲಾಖೆಯಲ್ಲಿ ಮೇಲಿನವರ ಶಿಫಾರಸು ಪತ್ರ ಬಂತೆಂದರೆ ವರ್ಗಾವಣೆ ಆಯಿತೆಂದೇ ಅರ್ಥ. ಇಲ್ಲಿ ಅರ್ಜಿ ಹಾಕಿ ಕಾಯಬೇಕು. ಕಾಯುವುದು ನನ್ನ ಜಾತಕದಲ್ಲೇ ಬರೆದಿಲ್ಲ.

ಆದರೂ ಆ ನಿಯಮಗಳು ನನಗೆ ಒಳಗೊಳಗೇ ಇಷ್ಟವಾದವು ಎಂಬುದನ್ನು ಮುಚ್ಚಿಡುವುದಿಲ್ಲ. ಅಕ್ಕನ ಹತ್ತಿರ ದುಡ್ಡಿದೆ ಎಂದು ಊರಿಗೆ ಬೇಗ ಗೊತ್ತಾಯಿತು, ಆ ದುಡ್ಡು ಅಕ್ಕನದಲ್ಲ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಮದುವೆ ಕಾಗದ ಹಿಡಿದವರು, ಆಸ್ಪತ್ರೆ ಚೀಟಿ ಹಿಡಿದವರು ಜಗಲಿಗೆ ಬರುತ್ತಿದ್ದರು. ಇಲ್ಲ ಎನ್ನುವ ಕೆಲಸ ನನ್ನದು. ದೊಡ್ಡಪ್ಪನ ಮಗ ತನ್ನ ಮಗಳ ನರ್ಸಿಂಗ್ ಫೀಸಿಗೆ ಬಂದಾಗ, ವ್ಯಕ್ತಿಗೆ ಕೊಡುವಂತಿಲ್ಲ, ಬಂಧುವಿಗೆ ಮೊದಲೇ ಇಲ್ಲ ಎಂದು ಎರಡು ನಿಯಮ ಒಟ್ಟಿಗೆ ಒಪ್ಪಿಸಿದೆ. ಅವನು ಕಾಫಿ ಕುಡಿಯದೆ ಎದ್ದು ಹೋದ. ಮುಳಬಾಗಿಲಿನಲ್ಲಿ ಮುದುಕರಿಗೆ ಅನ್ನ ಹಾಕುವ ಒಂದು ಸಂಸ್ಥೆಯ ನೋಂದಣಿ ನವೀಕರಣವಾಗಿರಲಿಲ್ಲ. ಅವರ ಕಚೇರಿಯಲ್ಲಿ ನಿಂತು, ಬಸ್ಸು ಬಿಡಿಸಿದ ಹಾಗೆ ಕಾಗದ ಬಿಡಿಸಿದೆ. ಮಾಲೂರು ಆಚೆ ಲಕ್ಕೂರಿನಲ್ಲಿ ಶಾಲೆಯ ಲೈಬ್ರರಿಗೆ ಕೊಡಿಸಿದಾಗ ಅವರು ಅಕ್ಕನಿಗೆ ಶಾಲು ಹೊದಿಸಲು ಬಂದರು. ಪ್ರತಿಫಲ ಪಡೆಯುವಂತಿಲ್ಲ ಎಂದು ನಾನು ಅಡ್ಡ ನಿಂತೆ. ಆಮೇಲೆ ನಿಧಿಯ ಅಧಿಕಾರಿ, ನನ್ನ ಮಗಳ ವಯಸ್ಸಿನ ಹುಡುಗಿ, ಫೋನಿನಲ್ಲಿ ನಕ್ಕು, "ಶಾಲು ಪರವಾಗಿಲ್ಲ ಸರ್" ಎಂದಳು. ಅಷ್ಟರಲ್ಲಿ ಶಾಲು ಶಾಲೆಯ ಬೀರು ಸೇರಿತ್ತು. "ನಿನ್ ಕಾಟಕ್ಕೆ ಒಂದ್ ಶಾಲೂ ದಕ್ಕಲಿಲ್ಲ" ಎಂದು ಅಕ್ಕ ದಾರಿಯುದ್ದಕ್ಕೂ ಆಡಿಕೊಂಡಳು.

ನರಸಾಪುರದ ಮಕ್ಕಳ ಮನೆಗೆ ನಾವು ಹೋದದ್ದು ಅದಾದ ಮೇಲೆ. ಫ್ಯಾಕ್ಟರಿ ಬಸ್ಸುಗಳು ನಿಲ್ಲುವ ರಸ್ತೆಯ ಹಿಂದೆ ಒಂದು ಬಾಡಿಗೆ ಮನೆ. ಮೊದಲ ಶಿಫ್ಟಿಗೆ ಹೋಗುವ ಹೆಂಗಸರು ಅಲ್ಲಿ ಕೂಸುಗಳನ್ನು ಬಿಟ್ಟು ಬಸ್ ಹತ್ತುತ್ತಾರೆ. ನಡೆಸುವ ಟೀಚರಮ್ಮ ಹಿಂದೆ ತಾನೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಊರಿನ ಕೆಲವರು ಸೇರಿ ಮಾಡಿದ ಪುಟ್ಟ ಟ್ರಸ್ಟು, ಕಾಗದ ಪತ್ರ ಎಲ್ಲ ಸರಿಯಾಗಿದ್ದವು. ಆದರೆ ಮನೆಯ ಮಾಲೀಕ ಅದನ್ನು ಕೆಡವಿ, ಫ್ಯಾಕ್ಟರಿ ಹುಡುಗರಿಗೆ ಬಾಡಿಗೆ ರೂಮು ಕಟ್ಟಲು ಹೊರಟಿದ್ದ. ಯುಗಾದಿಯೊಳಗೆ ಖಾಲಿ ಮಾಡಬೇಕು. ವೇಮಗಲ್ ರಸ್ತೆಯಲ್ಲಿ ಯಾರೋ ಬಿಟ್ಟಿದ್ದ ಹಳೆಯ ರೇಷ್ಮೆ ಹುಳು ಮನೆಯೊಂದು ಗುತ್ತಿಗೆಗೆ ಸಿಗುತ್ತಿತ್ತು. ನೆಲ, ಶೌಚಾಲಯ, ಅಡುಗೆ ಮನೆ ಎಲ್ಲ ಆಗಬೇಕಿತ್ತು. ಅಕ್ಕ ಅದರೊಳಗೆ ನಿಂತು ಕಿಟಕಿಗಳನ್ನು ನೋಡಿದಳು. "ಗಾಳಿ ಚೆನ್ನಾಗಾಡುತ್ತೆ. ಹುಳಕ್ಕೆ ಆಗಿ ಬಂದಿದ್ದು ಕೂಸಿಗೆ ಆಗಲ್ವಾ?"

"ಇದು ಆಗ್ಲಿಲ್ಲ ಅಂದ್ರೆ ಏನ್ ಮಾಡ್ತೀರಿ?" ಎಂದು ನಾನು ಕೇಳಿದೆ.

"ಏನ್ ಮಾಡೋದು ಸರ್. ಕೆಲವ್ರು ಕೆಲಸ ಬಿಡ್ತಾರೆ. ಬಿಡೋಕಾಗದವ್ರು ದೊಡ್ಡ ಹುಡುಗೀನ ಸ್ಕೂಲ್ ಬಿಡಿಸ್ತಾರೆ, ಕೂಸು ನೋಡ್ಕೊಳ್ಳೋಕೆ" ಎಂದರು ಟೀಚರಮ್ಮ.

ನಾನು ಅಕ್ಕನ ಮುಖ ನೋಡಲಿಲ್ಲ. ನಾನು ಹುಟ್ಟಿದಾಗ ಅಮ್ಮ ಕೂಲಿಗೆ ಹೋಗುತ್ತಿದ್ದಳು. ಎರಡನೇ ತರಗತಿಯಲ್ಲಿದ್ದ ಅಕ್ಕನನ್ನು ಶಾಲೆ ಬಿಡಿಸಿ ನನ್ನನ್ನು ಅವಳ ಸೊಂಟಕ್ಕೆ ಏರಿಸಿದರು. ನಾನು ಶಾಲೆಗೆ ಸೇರುವ ಹೊತ್ತಿಗೆ ಅವಳ ಶಾಲೆಯ ವಯಸ್ಸು ಮುಗಿದಿತ್ತು. ನಮ್ಮ ಮನೆಯಲ್ಲಿ ಇದನ್ನು ಯಾರೂ ದೂರಿನಂತೆ ಹೇಳಿದವರಲ್ಲ, ನನಗೆ ಮಾತ್ರ ಇದು ಯಾವಾಗ ನೆನಪಾದರೂ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಒಂದು ಭಾನುವಾರ ಆ ಮನೆಯ ಅಂಗಳದಲ್ಲಿ ಸಭೆ ಇತ್ತು. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು. ಒಂದು ಮಗು ಅಕ್ಕನ ಮಡಿಲಲ್ಲೇ ಮಲಗಿತ್ತು. ಟ್ರಸ್ಟಿನ ಯಜಮಾನರು ಊರಿನ ಹಿರಿಯರು. ಅವರು ಎದ್ದು, ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ಬಂದು ಅಕ್ಕನ ಮುಂದೆ ಹಿಡಿದರು. ನಮ್ಮ ಕಡೆ ವೀಳ್ಯ ಹಿಡಿದರೆ ಮಾತು ಕೊಟ್ಟಂತೆ. ಮದುವೆ ಗೊತ್ತಾಗುವುದೂ ಹಾಗೇ, ಅಣ್ಣತಮ್ಮಂದಿರ ಪಾಲು ತೀರ್ಮಾನವಾಗುವುದೂ ಹಾಗೇ. ಕೊನೆಯ ಪುಟಗಳ ಆ ನಿಯಮ ನನಗೆ ತಟ್ಟನೆ ನೆನಪಾಯಿತು. ಬೇಡ ಎನ್ನಬೇಕಿತ್ತು. ಎಲೆ ಅಡಿಕೆ ಮುಂದೆ ಬಂದಾಗ ಬೇಡ ಎನ್ನುವ ನಾಲಗೆ ನಮ್ಮಲ್ಲಿ ಯಾರಿಗಿದೆ? ಅಕ್ಕ ಮಗುವನ್ನು ಎಡಗೈಗೆ ಸರಿಸಿಕೊಂಡು ಬಲಗೈಯಲ್ಲಿ ತಟ್ಟೆ ಮುಟ್ಟಿ ತೆಗೆದುಕೊಂಡಳು. "ನಾನ್ ಮಾಡಿಸ್ಕೊಡ್ತೀನಿ" ಎಂದಳು. ಹೆಂಗಸರು ಚಪ್ಪಾಳೆ ತಟ್ಟಿದರು.

ಫೋನಿನಲ್ಲಿ ಅರ್ಜಿ ತುಂಬುವಾಗ ಆ ನಿಯಮದ ಪ್ರಶ್ನೆ ಬಂತು. ಈ ಸಂಸ್ಥೆಗೆ ನೀವು ಮೊದಲೇ ವಾಗ್ದಾನ ಮಾಡಿದ್ದೀರಾ? ಹೌದು ಎಂಬುದರ ಮುಂದೊಂದು ಸೊನ್ನೆ, ಇಲ್ಲ ಎಂಬುದರ ಮುಂದೊಂದು ಸೊನ್ನೆ. ಊರಿನವರಿಗೆಲ್ಲ ನಿಯಮ ಓದಿ ಹೇಳಿದ ನಾನು, ಇಲ್ಲ ಎಂಬುದರ ಮೇಲೆ ಬೆರಳಿಟ್ಟೆ. ಒಂದು ತಟ್ಟೆ ಎಲೆ ಅಡಿಕೆ ಬೆಂಗಳೂರಿನ ಕಾಗದಕ್ಕೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ಅಕ್ಕ ಪಕ್ಕದಲ್ಲೇ ಇದ್ದಳು. ಅವಳಿಗೆ ಓದಿ ಹೇಳಲಿಲ್ಲ.

ಆಮೇಲಿನ ದಿನಗಳು ಯಾರಿಗೂ ಬೇಡ. ಫೋನು ತೆಗೆಯುವುದು, ನೋಡುವುದು, ಇಡುವುದು. ಸ್ಕೂಟರ್ ಹತ್ತಿ ನರಸಾಪುರಕ್ಕೆ ಹೋಗುವುದು. ಮಾಲೀಕ ಆಗಲೇ ಎದುರಿಗೆ ಇಟ್ಟಿಗೆ ಇಳಿಸಿದ್ದ. ಅಲ್ಲಿಂದ ಹುಳು ಮನೆಗೆ ಹೋಗಿ ಬೀಗ ಜಗ್ಗಿ ನೋಡುವುದು. ಹೆಂಡತಿ ನನಗೆ ಊಟ ಬಡಿಸಿ ಸಾರು ತರುವಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಫೋನು ಬಂದದ್ದು ಅಕ್ಕನ ಮನೆಯಲ್ಲಿದ್ದಾಗ. ಅಧಿಕಾರಿ ಹುಡುಗಿ, ಅಮ್ಮನ ಜೊತೆ ಮಾತಾಡಬೇಕು ಎಂದಳು. ಸ್ಪೀಕರಿಗೆ ಹಾಕಿದೆ. ಸಂಸ್ಥೆ ಚೆನ್ನಾಗಿದೆ, ಒಂದೆರಡು ಪ್ರಶ್ನೆ ಅಷ್ಟೇ ಎಂದು ಅದು ಇದು ಕೇಳಿ ಕೊನೆಗೆ, "ಅಮ್ಮಾ, ನೀವು ಅವರಿಗೆ ಮೊದಲೇ ಏನಾದ್ರೂ ಮಾತು ಕೊಟ್ಟಿದ್ರಾ?" ಎಂದಳು. ನಾನು ಫೋನಿನ ಹಿಂದೆ ನಿಂತು ಎರಡೂ ಕೈ ಆಡಿಸಿದೆ. ಅಕ್ಕ ನನ್ನನ್ನು ನೊಣ ನೋಡಿದ ಹಾಗೆ ನೋಡಿದಳು.

"ಕೊಟ್ಟಿದ್ದೀನಿ ತಾಯಿ. ಎಲ್ರ ಮುಂದೆ ವೀಳ್ಯ ತಗೊಂಡಿದ್ದೀನಿ."

ಆ ಹುಡುಗಿ ಮೆಲ್ಲಗೆ ಬಿಡಿಸಿ ಹೇಳಿದಳು. ಅಮ್ಮ ಮಾತು ಕೊಟ್ಟಿದ್ದರೆ ಅದು ಅಮ್ಮನ ಸ್ವಂತ ಹೊಣೆ. ಅದನ್ನು ನಿಧಿಯ ಹಣದಿಂದ ತೀರಿಸಲು ಬರುವುದಿಲ್ಲ. ಈ ಅರ್ಜಿ ಇಲ್ಲಿಗೆ ನಿಂತಿತು. ಅಮ್ಮನಿಂದ ತಮಗೆ ಏನೂ ಬರಬೇಕಾಗಿಲ್ಲ ಎಂದು ಆ ಸಂಸ್ಥೆ ಪತ್ರ ಬರೆದುಕೊಟ್ಟರೆ ಹೊಸದಾಗಿ ಅರ್ಜಿ ಹಾಕಬಹುದು. ಆಗಲೂ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ ಎಂದಳು.

ಫೋನಿಟ್ಟ ಮೇಲೆ ಅಕ್ಕ ಕೇಳಿದಳು, "ಏನ್ಲಾ, ನೀನ್ ಏನಂತ ಬರ್ದಿದ್ದೆ?"

"ಅದೊಂದು ಫಾರ್ಮು ಅಕ್ಕಾ. ಒಂದ್ ಗುರುತು ಅಷ್ಟೇ."

"ನಾನ್ ಕೊಟ್ಟ ಮಾತು ಕೊಟ್ಟೇ ಇಲ್ಲ ಅಂತ ಬರ್ದ್ಯಾ?"

"ನಿನ್ ಮಾತು ಉಳೀಲಿ ಅಂತಲೇ ಬರ್ದಿದ್ದು ಕಣಕ್ಕ. ಇಲ್ದಿದ್ರೆ ಎಲ್ಲಿಂದ ತರ್ತಿದ್ದೆ? ನನ್ ಪಿಂಚಣೀಲಿ ಒಂದು ಕಿಟಕಿನೂ ಆಗಲ್ಲ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಸ್ಲೇಟು ಬಿಟ್ಟು ನಿನ್ನ ಎತ್ಕೊಂಡೆ. ಓದು ನಿಂಗೆ ಬಂತು, ಬರ್ಲಿ. ಆ ಓದಲ್ಲಿ ನನ್ ಹೆಸರಿಗೆ ಸುಳ್ಳು ಬರೀತೀಯೇನ್ಲಾ?" ಎಂದಳು. ನನ್ನ ಬದುಕಿನಲ್ಲಿ ಅವಳು ಆ ಸ್ಲೇಟಿನ ಮಾತೆತ್ತಿದ್ದು ಅದೊಂದೇ ಸಲ. ನನಗೆ ನಾಚಿಕೆಯಾಯಿತು. ಎದ್ದು ಹೊರಗೆ ಹೋಗಿ ಸ್ಕೂಟರನ್ನು ಸುಮ್ಮನೆ ಒರೆಸಿದೆ.

ಮಾರನೇ ದಿನ ನಾನೇ ಟೀಚರಮ್ಮನ ಹತ್ತಿರ ಹೋಗಿ ವಿಷಯ ಹೇಳಿದೆ. ಅವರಿಗೆ ಅರ್ಥವಾಯಿತು, ಪತ್ರ ಬರೆದುಕೊಟ್ಟರು. ಅದನ್ನು ಅಕ್ಕನ ಮುಂದಿಟ್ಟು, ಇಷ್ಟು ಸಾಕಂತೆ ಎಂದೆ.

"ಅವ್ರಿಗೆ ಸಾಕು" ಎಂದಳು ಅಕ್ಕ. "ಮಾತು ಕೊಟ್ಟಿದ್ದು ಜನದ ಮುಂದೆ. ವಾಪಸ್ ತಗೊಳ್ಳೋದು ಕಾಗದದಲ್ಲಾ?"

ನಮ್ಮಲ್ಲಿ ವೀಳ್ಯ ವಾಪಸ್ ಕೊಡುವುದು ಗೊತ್ತಾದ ಮದುವೆ ಮುರಿದಾಗ ಮಾತ್ರ. ವಾಪಸ್ ಕೊಟ್ಟವರ ಮನೆಯ ಹೆಸರು ಅಲ್ಲಿಗೆ ಹೋಯಿತೆಂದೇ ಲೆಕ್ಕ. ನಾನು ಬೇಡವೆಂದು ಗೋಗರೆದೆ. ಕೊಡುವುದಾದರೂ ನಿಧಿಯ ವಿಚಾರವನ್ನು ಜನಕ್ಕೆ ಬಿಡಿಸಿ ಹೇಳುತ್ತೇನೆ, ದುಡ್ಡು ಹೇಗೂ ಬರಬಹುದು ಎಂದೆ. ಅದಕ್ಕೂ ಅವಳು ಒಪ್ಪಲಿಲ್ಲ. "ಬರುತ್ತೋ ಇಲ್ವೋ ಗೊತ್ತಿಲ್ಲ. ಬರಬಹುದು ಅಂತ ನಾನ್ ಹೇಳಿದ್ರೆ ಅದೂ ಒಂದು ಮಾತೇ ಆಯ್ತಲ್ಲ. ಕಣ್ ಹೊಡ್ಕೊಂಡು ವಾಪಸ್ ಕೊಟ್ರೆ ಅದು ವಾಪಸ್ಸೇ ಅಲ್ಲ. ಟೀಚರಮ್ಮನಿಗೂ ಹೇಳು, ಯಾರ್ ಹತ್ರಾನೂ ಬಾಯಿ ಬಿಡ್ಬಾರ್ದು ಅಂತ." ನಿಧಿಯವರ ಪುಸ್ತಿಕೆ ಬರೆದವರು ಅಕ್ಕನ ಹತ್ತಿರ ಕೂತು ಕಲಿಯಬೇಕು ಎಂದು ನನಗೆ ಸಿಟ್ಟಿನಲ್ಲೂ ಅನಿಸಿತು.

ಮತ್ತೊಂದು ಭಾನುವಾರ ಅದೇ ಅಂಗಳದಲ್ಲಿ ಅದೇ ಜನ ಸೇರಿದರು. ಅಕ್ಕ ಹೊಸ ಎಲೆ, ಅಡಿಕೆ, ಹಣ್ಣು, ಕಾಯಿ ಇಟ್ಟ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಯಜಮಾನರ ಮುಂದೆ ನಿಂತಳು. "ಅವತ್ತು ಮಾಡಿಸ್ಕೊಡ್ತೀನಿ ಅಂದಿದ್ದೆ. ನನ್ ಕೈಲಿ ಆಗಲ್ಲ. ಮಾತು ವಾಪಸ್ ತಗೋತಿದ್ದೀನಿ. ನನ್ನಿಂದ ನಿಮಗೆ ಏನೂ ಬರ್ಬೇಕಾಗಿಲ್ಲ ಅಂತ ಅನ್ಕೊಳ್ಳಿ." ಯಜಮಾನರು ತಟ್ಟೆಯನ್ನು ನೋಡುತ್ತ ನಿಂತರು. ಕೊನೆಗೆ ಟೀಚರಮ್ಮ ಮುಂದೆ ಬಂದು ತೆಗೆದುಕೊಂಡರು. "ಮಾಟ ತಪ್ಪಿಂದಿರಾ" ಎಂದು ಯಜಮಾನರು ಪಕ್ಕದವರಿಗೆ ತೆಲುಗಿನಲ್ಲಿ ಹೇಳಿದರು, ಮಾತು ತಪ್ಪಿದಳು ಅಂತ. ಪಿಸುಮಾತೇನಲ್ಲ, ಅಕ್ಕನಿಗೆ ಕೇಳಲೆಂದೇ ಹೇಳಿದ್ದು. ಅಕ್ಕ ಕೂತಾಗ ಹಿಂದಿನ ಸಲ ಅವಳ ಮಡಿಲಲ್ಲಿ ಮಲಗಿದ್ದ ಮಗು ತೆವಳಿಕೊಂಡು ಅವಳ ಕಡೆಗೇ ಬಂತು. ಅದರ ತಾಯಿ ಬಂದು ಎತ್ತಿಕೊಂಡು ಹೋದಳು.

ಹೊಸ ಅರ್ಜಿ ಹೋಯಿತು. ಈ ಸಲ ಅಧಿಕಾರಿ ಹುಡುಗಿ ತಾನೇ ಬಂದಳು. ಹುಳು ಮನೆ ನೋಡಿದಳು, ಟೀಚರಮ್ಮನ ಪತ್ರ ನೋಡಿದಳು, ಜಗಲಿಯಲ್ಲಿ ಕೂತು ಅಕ್ಕನ ಜೊತೆ ಮಾತಾಡಿದಳು. ಹೊರಡುವಾಗ ನನ್ನನ್ನು ಕೇಳಿದಳು, "ಸರ್, ಮೊದಲನೇ ಅರ್ಜಿಯಲ್ಲಿ ಇಲ್ಲ ಅಂತ ಗುರುತು ಹಾಕಿದ್ದು ಯಾರು?"

"ನಾನು."

ಅವಳು ಬರೆದುಕೊಂಡಳು. "ಇನ್ಮುಂದೆ ಪ್ರತಿಯೊಂದು ಪ್ರಶ್ನೆನೂ ಅಮ್ಮನಿಗೆ ಓದಿ ಹೇಳ್ಬೇಕು ಸರ್. ಅವರು ಹೇಳಿದ್ದನ್ನೇ ಬರೀಬೇಕು" ಎಂದಳು. ಸರ್ವಿಸಿನಲ್ಲಿ ಎಷ್ಟೋ ಮೆಮೊ ತಿಂದವನು ನಾನು. ಇದು ಹೋದಷ್ಟು ಆಳಕ್ಕೆ ಯಾವುದೂ ಹೋಗಿರಲಿಲ್ಲ.

ಮತ್ತೆ ಕಾಯುವುದು. ನರಸಾಪುರದಲ್ಲಿ ಇಟ್ಟಿಗೆಯ ಪಕ್ಕ ಮರಳೂ ಬಂದು ಬಿತ್ತು. ಅಕ್ಕ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಅವಳು ಅದನ್ನು ನನಗೆ ಹೇಳಲಿಲ್ಲ, ನಾನೇ ಒಂದು ದಿನ ಜೊತೆಗೆ ಹೋಗಿ ನೋಡಿದೆ. ನಾನು ಅಲ್ಲೇ ಯಾರ ಜೊತೆಗಾದರೂ ಜಗಳಕ್ಕೆ ಬೀಳಬೇಕೆಂದು ನಿಂತೆ. ಅವಳು ಬೆಲ್ಲ ಕಟ್ಟಿಸಿಕೊಂಡು ನನ್ನ ತೋಳು ಹಿಡಿದು ಕರೆದುಕೊಂಡು ಬಂದಳು.

ಒಪ್ಪಿಗೆ ಬಂತು. ಹಣ ನೇರವಾಗಿ ಟ್ರಸ್ಟಿಗೆ ಹೋಯಿತು. ಯುಗಾದಿಗೆ ಸ್ವಲ್ಪ ಮುಂಚೆ ಹುಳು ಮನೆಯಲ್ಲಿ ಹಾಲುಕ್ಕಿಸಿದರು. ಹಿಂದೆ ಹುಳುವಿನ ತಟ್ಟೆ ಜೋಡಿಸುತ್ತಿದ್ದ ಕಡೆ ತೊಟ್ಟಿಲುಗಳಿದ್ದವು. ಒಬ್ಬ ಹುಡುಗಿ ಶಾಲೆಯ ಬ್ಯಾಗು ಹಾಕಿಕೊಂಡೇ ಬಂದು, ತಮ್ಮನನ್ನು ಟೀಚರಮ್ಮನ ಕೈಗೆ ದಾಟಿಸಿ, ಹಿಂತಿರುಗಿ ನೋಡದೆ ಓಡಿದಳು. ಅವಳು ರಸ್ತೆಯ ತಿರುವು ದಾಟುವವರೆಗೂ ಅಕ್ಕ ನೋಡುತ್ತಿದ್ದಳು. ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಟೀಚರಮ್ಮ ಮುಂದೆ ಕರೆದರೂ ಹೋಗಲಿಲ್ಲ.

ಯಜಮಾನರು ಎಲೆ ಅಡಿಕೆ ತಟ್ಟೆಯನ್ನು ಅಧಿಕಾರಿ ಹುಡುಗಿಯ ಮುಂದೆ ಹಿಡಿದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡು ಅಕ್ಕನ ಕಡೆ ತಿರುಗಿದಳು. "ಅಮ್ಮಾ, ಇದನ್ನ ನಾನು ತಗೋಬಹುದಾ?"

"ತಗೋ ತಾಯಿ" ಎಂದಳು ಅಕ್ಕ. "ಕೆಲಸ ಆದ್ಮೇಲೆ ತಗೊಂಡ್ರೆ ಭಯ ಇಲ್ಲ."

ಆಮೇಲೆ ಯಜಮಾನರು ಮಾತಾಡಿದರು. ನಮ್ಮವರೇ ಮಾತು ಕೊಟ್ಟು ಕೈ ಬಿಟ್ಟರು, ಎಲ್ಲೋ ಬೆಂಗಳೂರಿನವರು ಬಂದು ಕೈ ಹಿಡಿದರು ಎಂದರು. ಕೆಲವು ತಲೆಗಳು ಹಿಂದಕ್ಕೆ ತಿರುಗಿದವು. ಎದ್ದೆ. ಅಕ್ಕ ಅಂಗಿ ಹಿಡಿದು ಜಗ್ಗಿದಳು.

"ಕೂತ್ಕೊಳೋ. ನಿನ್ ಬಸ್ಸೇನೂ ಹೊರಟಿಲ್ಲ."

"ಅವ್ರು ಏನ್ ಹೇಳ್ತಿದ್ದಾರೆ ಕೇಳಿಸ್ತಾ ನಿಂಗೆ?"

"ಕೇಳಿಸ್ತು. ನಾನ್ ಕೈ ಬಿಟ್ಟೆ, ಅವ್ರು ಕೊಟ್ರು. ಅದ್ರಲ್ಲಿ ಸುಳ್ಳೇನಿದೆ?"

ಸುಳ್ಳೇನೂ ಇರಲಿಲ್ಲ. ನಿಯಮದ ಪ್ರಕಾರ ಪೂರ್ತಿ ನಿಜ. ನಾನು ಕೂತೆ, ಸಭೆ ಮುಗಿಯುವವರೆಗೂ ಕೂತೆ.

ಇದೆಲ್ಲ ಆಗಿ ಬಹಳ ದಿನವಾಗಿಲ್ಲ. ಮೊನ್ನೆ ಶ್ರೀನಿವಾಸಪುರದ ಕಡೆ ಹಳ್ಳಿಗಳಲ್ಲಿ ಮುದುಕರ ಕಣ್ಣಿನ ಪರೀಕ್ಷೆ ಮಾಡುವ ಒಂದು ಸಂಸ್ಥೆಗೆ ಅರ್ಜಿ ತುಂಬಲು ಕೂತೆವು. ಅಕ್ಕ ನನ್ನ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದಳು. ಅಧಿಕಾರಿ ಹುಡುಗಿ ಹೇಳಿದ ಹಾಗೆ ಪ್ರತಿಯೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿದೆ, ಅವಳು ಹೇಳಿದ್ದನ್ನೇ ಬರೆದೆ. ಆ ಪ್ರಶ್ನೆ ಬಂತು. ಈ ಸಂಸ್ಥೆಗೆ ನೀವು ಮೊದಲೇ ವಾಗ್ದಾನ ಮಾಡಿದ್ದೀರಾ?

"ಇಲ್ಲ ಅಂತ ಬರಿ" ಎಂದಳು ಅಕ್ಕ. "ಈಗ ಯಾರೂ ನನ್ ಮುಂದೆ ತಟ್ಟೆ ಹಿಡಿಯಲ್ಲ."

ನಾನು ಇಲ್ಲ ಎಂಬುದರ ಮೇಲೆ ಬೆರಳಿಟ್ಟೆ. ಈ ಸಲ ಅದು ನಿಜ.